ಒಂದು ತೊಟ್ಟು ಕರೆಂಟೂ ಸೋರಬಾರದು!

“ಗೋಡೆ ಒಳಗಿರೋದು ಏನು? ಪೈಪು! ಪೈಪು ಅಂದ ಮೇಲೆ ಅದು ನನ್ನ ಇಲಾಖೆ! ಈ ಮನೇಲಿ ಒಂದು ತೊಟ್ಟು ಕರೆಂಟು ಸೋರಿತೋ, ನಾನು ನಿನ್ನ ಪಕ್ಕ ಕೂತು ಅಂಗಿಗೆ ಗುಂಡಿ ಹೊಲೀತೀನಿ. ಬರೆದಿಟ್ಕೋ!”

ಹೀಗೆಂದು ಘೋಷಿಸಿ ನಲ್ಲಿರಾಯ ಗೋಡೆಗೆ ಸುತ್ತಿಗೆಯಿಂದ ಒಂದು ಗುದ್ದು ಕೊಟ್ಟ. ಹಳೆಯ ಗಾರೆ ಬುಳುಬುಳು ಉದುರಿ, ಬಟ್ಟೆ ಹೊದಿಸಿಟ್ಟಿದ್ದ ಹೊಲಿಗೆ ಯಂತ್ರದ ಮೇಲೆ ಬಿತ್ತು.

“ಬರೆಯೋದೇನೂ ಬೇಡ, ನನಗೆ ನೆನಪಿರುತ್ತೆ” ಎಂದು ಹೆಂಡತಿ ಯಂತ್ರದ ಮೇಲಿನ ಬಟ್ಟೆ ಕೊಡವಿದಳು.

ನಲ್ಲಿರಾಯ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ಕೊಟ್ಟ ಬಿರುದು. ಸುತ್ತಲ ನಾಲ್ಕಾರು ಬೀದಿಗಳಲ್ಲಿ ಯಾವ ನಲ್ಲಿ ತೊಟ್ಟಿಕ್ಕಿದರೂ ಚೀಲ ಹೆಗಲಿಗೇರಿಸಿ ಹೋಗುವವನು ಅವನೇ. ಶಾಲೆಗೆ ಹೋಗಿದ್ದು ಅಷ್ಟಕ್ಕಷ್ಟೆ. ಲೆಕ್ಕದ ಮೇಷ್ಟ್ರು ಉತ್ತರ ತಮಗೆ ಗೊತ್ತಿದ್ದೂ ತನ್ನನ್ನೇ ಕೇಳುತ್ತಾರೆಂದರೆ ಇದರಲ್ಲೇನೋ ಮೋಸವಿದೆ ಎಂದು ಅನುಮಾನ ಬಂದು ಬಿಟ್ಟುಬಿಟ್ಟನಂತೆ! ಅಂದಿನಿಂದ ಕೋಪ ಅವನ ಮೂಗಿನ ತುದಿಯಲ್ಲಿ. ಅನುಮಾನ ಮೂಗಿಗಿಂತ ಒಂದು ಬೆರಳು ಮುಂದೆ.

ಮನೆ ಹಳೆಯದು. ಗೋಡೆಯೊಳಗೆ ಕಬ್ಬಿಣದ ಪೈಪು, ಪೈಪಿನೊಳಗೆ ಮುಟ್ಟಿದರೆ ಪುಡಿಯಾಗುವ ತಂತಿ. ರಿಪೇರಿ ಶುರುವಾಗಿ ಗಾರೆಯನ್ನೆಲ್ಲ ಕೆತ್ತಿದ್ದರಿಂದ ಪೈಪುಗಳು ಬಡಕಲು ಮನುಷ್ಯನ ಪಕ್ಕೆಲುಬಿನಂತೆ ಹೊರಗೆ ಕಾಣುತ್ತಿದ್ದವು. ಮುಂದಿನ ಕೋಣೆ ಹೆಂಡತಿಯದು. ಅಲ್ಲಿ ಅವಳ ಮೋಟಾರಿನ ಹೊಲಿಗೆ ಯಂತ್ರ. ಶಾಲೆಯೊಂದರ ಮಕ್ಕಳ ಅಂಗಿಗಳನ್ನೆಲ್ಲ ಹೊಲಿಯಲು ಅವಳು ಒಪ್ಪಿಕೊಂಡಿದ್ದಳು. “ಶಾಲೆ ಬಾಗಿಲು ತೆಗೆಯೋ ದಿನ ಮಕ್ಕಳ ಮೈಮೇಲೆ ಅಂಗಿ ಇರಬೇಕಮ್ಮ. ಇಲ್ಲಾಂದ್ರೆ ಮುಂದಿನ ಸಲದಿಂದ ದೊಡ್ಡ ಅಂಗಡಿಯವರಿಗೇ ಕೊಡ್ತೀನಿ” ಎಂದು ಹೆಡ್‌ಮಿಸ್ಸು ಕನ್ನಡಕದ ಮೇಲಿಂದ ನೋಡುತ್ತಾ ಹೇಳಿದ್ದರು. ಎಷ್ಟೋ ವರ್ಷ ಅವರಿವರ ಹರಿದ ಲಂಗ ಹೊಲಿದುಕೊಂಡಿದ್ದವಳಿಗೆ ಇದು ಮೊದಲ ದೊಡ್ಡ ಕೆಲಸ. ಬಟ್ಟೆ ಕತ್ತರಿಸಿ ಆಗಿತ್ತು. ಕರೆಂಟು ಬಂದರೆ ಯಂತ್ರ ಓಡಬೇಕು. ಶಾಲೆ ತೆರೆಯುವ ದಿನ ಮಾತ್ರ ಯಾರಿಗೂ ಕಾಯದೆ ಹತ್ತಿರ ಬರುತ್ತಿತ್ತು.

ಇನ್ನು ವೈರಿಂಗ್ ಮಾಡುವವನು ಯಾರು? ಹೆಂಡತಿಯ ಸ್ವಂತ ತಮ್ಮ! ಇದಕ್ಕಿಂತ ದೊಡ್ಡ ಅನುಮಾನದ ವಸ್ತು ಬೇರೆ ಬೇಕೆ?

ಭಾವಮೈದುನ ಪೈಪುಗಳನ್ನು ಬೆರಳಿನಿಂದ ಟಕಟಕ ಬಡಿದು ನೋಡಿದ. ನಲ್ಲಿರಾಯನೂ ಅವನ ಹಿಂದೆಯೇ ಹೋಗಿ, ಅವನು ಬಡಿದ ಜಾಗವನ್ನೆಲ್ಲ ಮತ್ತೊಮ್ಮೆ ಬಡಿದು ನೋಡಿದ.

“ಭಾವ, ಪೈಪು ಗಟ್ಟಿಮುಟ್ಟಾಗಿದೆ, ಕೀಳೋದು ಬೇಡ. ತಂತಿ ಮಾತ್ರ ಹೊಸದು ಎಳೆಯೋಣ. ಆದ್ರೆ ಪೈಪು ಸಣ್ಣದು, ಅರ್ಥ್ ತಂತಿ ಬೇರೆ ಅದರೊಳಗೆ ತೂರಲ್ಲ. ಅದಕ್ಕೆ ಪೈಪನ್ನೇ ಅರ್ಥ್ ಮಾಡೋಣ.”

“ಅಂದ್ರೆ?”

“ಮೇನ್ ಬೋರ್ಡಿಂದ ಹಿಡಿದು ಕೊನೇ ಕಬ್ಬಿಣದ ಸ್ವಿಚ್ ಬಾಕ್ಸಿನ ತನಕ ಪೈಪಿಗೆ ಪೈಪು ತಾಗ್ಕೊಂಡೇ ಇರಬೇಕು. ಬೋರ್ಡಿಂದ ಒಂದು ತಾಮ್ರದ ತಂತಿ ನೆಲಕ್ಕೆ. ನಾಳೆ ಒಳಗೆಲ್ಲೋ ತಂತಿ ಸಿಪ್ಪೆ ಬಿಟ್ಟು ಪೈಪಿಗೆ ತಗುಲಿದ್ರೆ, ಕರೆಂಟು ಪೈಪಲ್ಲೇ ಹರಿದು ನೆಲಕ್ಕೆ ಹೋಗುತ್ತೆ. ಬೋರ್ಡಲ್ಲಿ ಸ್ವಿಚ್ಚು ಟಪ್ ಅಂತ ಬೀಳುತ್ತೆ. ಮನುಷ್ಯರಿಗೆ ಹೊಡೆಯಲ್ಲ.”

“ಕರೆಂಟು ನೆಲಕ್ಕೆ ಹೋಗುತ್ತೆ!” ನಲ್ಲಿರಾಯನ ಹುಬ್ಬು ಹಣೆ ಬಿಟ್ಟು ಮೇಲೇರಿತು. “ಬಿಲ್ಲು ಕಟ್ಟೋನು ನಾನು, ಕುಡಿಯೋದು ನೆಲ! ಆಮೇಲೆ ಅದು ನೆಲದೊಳಗೆ ಹರಿದು ಯಾರ ಮನೆಗೆ ಹೋಗುತ್ತಪ್ಪಾ? ಪಕ್ಕದ ಮನೆಯೋರಿಗೋ? ಅವನು ಮೊನ್ನೆಯಿಂದ ನನ್ನ ನೋಡಿ ನಗ್ತಿದ್ದಾನೆ!”

“ಅವರು ಹೊಸ ಹಲ್ಲು ಕಟ್ಟಿಸ್ಕೊಂಡಿದ್ದಾರೆ ರೀ” ಎಂದಳು ಹೆಂಡತಿ.

ಭಾವಮೈದುನ ಮಾತು ತಿರುಗಿಸಿದ. “ಇನ್ನೊಂದು ವಿಷಯ. ಹಳೇ ಪೈಪಿನ ಥ್ರೆಡ್ಡು ಒಂದು ಅಳತೆ, ಹೊಸ ಬಾಕ್ಸಿನ ತೂತು ಇನ್ನೊಂದು ಅಳತೆ. ನಡುವೆ ಕಬ್ಬಿಣದ ರೆಡ್ಯೂಸರ್ ಹಾಕಿ ಕೂರಿಸ್ಬೇಕು.”

“ಬಂತು ನೋಡು ದಾರಿಗೆ! ರೆಡ್ಯೂಸರ್ ಯಾರದು? ನನ್ನದು! ನೀನು ಇನ್ನೂ ಚಡ್ಡಿ ಹಾಕ್ಕೊಂಡು ಓಡಾಡೋವಾಗ ರೆಡ್ಯೂಸರ್ ಕೂರಿಸ್ದೋನು ನಾನು. ತಂತಿ ನಿಂದು, ಪೈಪು ನಂದು. ಮುಗೀತು!”

“ಆಯ್ತು ಭಾವ. ಒಂದೇ ಮಾತು. ಜಾಯಿಂಟುಗಳನ್ನ ತಂತಿ ಬ್ರಷ್ಷಲ್ಲಿ ಉಜ್ಜಿ, ಹಾಗೇ ಒಣಗಿದ್ದನ್ನೇ ಬಿಗಿ ಮಾಡಿ. ಏನೂ ಹಚ್ಚಬೇಡಿ.”

ಏನೂ ಹಚ್ಚಬೇಡಿ! ಈ ಮಾತು ನಲ್ಲಿರಾಯನ ಕಿವಿಯಲ್ಲಿ ಸೊಳ್ಳೆಯ ಹಾಗೆ ಗುಂಯ್‌ಗುಟ್ಟತೊಡಗಿತು.

ಅದೇ ಸಂಜೆ ಇನ್ನೊಂದು ಸೊಳ್ಳೆ ಬಂದು ಸೇರಿತು. ಹಿತ್ತಲಲ್ಲಿ ಕೈ ತೊಳೆಯುತ್ತಿದ್ದಾಗ ಅಡುಗೆಮನೆಯ ಕಿಟಕಿಯಿಂದ ಅಕ್ಕತಮ್ಮಂದಿರ ಗುಸುಗುಸು. ನಲ್ಲಿ ನಿಲ್ಲಿಸಿ ಕಿವಿ ನೆಟ್ಟಗೆ ಮಾಡಿದ. ಕೇಳಿದ್ದು ಬಾಲ ಮಾತ್ರ. “...ಅವರಿಗೆ ಮಾತ್ರ ಗೊತ್ತಾಗಬಾರದು ಕಣೋ.” “ಇಲ್ಲ ಬಿಡಕ್ಕ.”

ನಲ್ಲಿರಾಯನ ತಲೆಯೊಳಗೆ ಸ್ವಿಚ್ಚು ಟಪ್ ಎಂದಿತು! ಓಹೋ! ಜಾಯಿಂಟಿಗೆ ಏನೂ ಹಚ್ಚದೆ ಬಿಟ್ಟರೆ ಏನಾಗುತ್ತದೆ? ಸೋರುತ್ತದೆ! ಸೋರಿದರೆ ಏನಾಗುತ್ತದೆ? ಕೆಲಸದವನನ್ನು ಮತ್ತೆ ಕರೆಯಬೇಕಾಗುತ್ತದೆ! ವಾಷರನ್ನು ಒಂದಿಷ್ಟು ಸಡಿಲ ಬಿಟ್ಟು ಬಂದರೆ ಅದೇ ಮನೆಯಿಂದ ಮತ್ತೆ ಕರೆ ಬರುತ್ತದೆ ಎಂಬ ಗುಟ್ಟು ನಲ್ಲಿರಾಯನಿಗೆ ಚೆನ್ನಾಗಿ ಗೊತ್ತು. ಹೇಗೆ ಗೊತ್ತು ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಮಾರನೆಯ ದಿನ ಭಾವಮೈದುನ ಬೇರೆ ಕಡೆ ಕೆಲಸಕ್ಕೆ ಹೋಗಿದ್ದ. ಹೆಂಡತಿ ಹಿಂದಿನ ಜಗಲಿಯಲ್ಲಿ ಕಾಲರ್ ಮಡಿಸುತ್ತಿದ್ದಳು. ನಲ್ಲಿರಾಯ ಬಾಗಿಲು ಓರೆಮಾಡಿಕೊಂಡು, ರಾಜ್ಯದ ಖಜಾನೆ ಕಾಯುವವನ ಗಾಂಭೀರ್ಯದಲ್ಲಿ ಚೀಲ ಬಿಚ್ಚಿದ. ಒಂದೊಂದೇ ಜಾಯಿಂಟು ಬಿಚ್ಚಿ, ತಿರುಪಿನ ಥ್ರೆಡ್ಡಿನ ಮೇಲೆ ನಲ್ಲಿಗೆ ಸುತ್ತುವ ಬಿಳಿ ಟೇಪನ್ನು ಸುತ್ತಿದ. ಸುತ್ತಿದ ಅಂದರೆ ಹೇಗೆ? ಬಿದ್ದು ಕಾಲು ಮುರಿದುಕೊಂಡವರಿಗೆ ಆಸ್ಪತ್ರೆಯಲ್ಲಿ ಸುತ್ತುತ್ತಾರಲ್ಲ, ಹಾಗೆ! ಅದರ ಮೇಲೆ ಬಿಳಿ ಪೇಸ್ಟು ಮೆತ್ತಿದ. ಪೈಪ್ ರೆಂಚು ಹಾಕಿ ಹಲ್ಲು ಕಚ್ಚಿ ಬಿಗಿದ. ರೆಡ್ಯೂಸರುಗಳಿಗೂ ಅದೇ ಉಪಚಾರ. ಕೊನೆಗೆ ಯಾರ ಕಣ್ಣಿಗೂ ಬೀಳದಿರಲೆಂದು ಎಲ್ಲದರ ಮೇಲೂ ಬೂದು ಬಣ್ಣ ಬಳಿದ.

“ಸೋರು ನೋಡೋಣ! ಈಗ ಸೋರು!” ಎಂದು ಕೊನೆಯ ಜಾಯಿಂಟಿಗೆ ಸವಾಲು ಹಾಕಿ ಮೀಸೆ ಒರೆಸಿಕೊಂಡ. ಮೀಸೆಯೂ ಬೂದುಬಣ್ಣವಾಯಿತು.

ಸಂಜೆ ಬಂದ ಭಾವಮೈದುನ ಹೊಳೆಯುವ ಪೈಪು ನೋಡಿ ಮೆಚ್ಚಿದ. “ಬಣ್ಣ ಬೇರೆ ಹೊಡೆದ್ರಾ! ಬ್ರಷ್ಷಲ್ಲಿ ಉಜ್ಜಿದ್ರಿ ತಾನೆ?”

“ಕೈ ಉಜ್ಜಿ ಉಜ್ಜಿ ಸವೆದಿದೆ” ಎಂದ ನಲ್ಲಿರಾಯ. ಇದು ಸುಳ್ಳಲ್ಲ. ಬಣ್ಣ ಹೋಗಲೆಂದು ಕೈಯನ್ನು ಉಜ್ಜಿದ್ದು ನಿಜ.

ಮುಂದಿನ ಅನುಮಾನ ಹಿತ್ತಲಲ್ಲಿ ಕಾದಿತ್ತು. ಭಾವಮೈದುನ ಅಲ್ಲೊಂದು ಆಳದ ಗುಂಡಿ ತೋಡಿಸಿ, ಕಬ್ಬಿಣದ ಕೊಳವೆ ನಿಲ್ಲಿಸಿ, ಸುತ್ತ ಉಪ್ಪು ಸುರಿದ. ಉಪ್ಪಿನ ಮೇಲೆ ಇದ್ದಿಲು. ಇದ್ದಿಲಿನ ಮೇಲೆ ಮತ್ತೆ ಉಪ್ಪು.

“ಏನಯ್ಯಾ ಇದು? ವೈರಿಂಗೋ, ಮಾಟವೋ?”

“ನೆಲ ಒದ್ದೆಯಾಗಿದ್ರೆ ಕರೆಂಟು ಸಲೀಸಾಗಿ ಇಳಿಯುತ್ತೆ ಭಾವ. ಉಪ್ಪು ನೀರು ಹಿಡಿದಿಡುತ್ತೆ.”

“ನನ್ನ ಹೆಸರು ಬರೆದಿರೋ ಚೀಟಿ ಗೀಟಿ ಹಾಕಿಲ್ಲ ತಾನೆ?”

“ಹಾಕೋಣ ಅಂದ್ರೆ ನಿಮ್ಮ ಹೆಸರೇ ಯಾರಿಗೂ ನೆನಪಿಲ್ಲವಲ್ಲ ಭಾವ!”

ತಂತಿಗಳನ್ನೆಲ್ಲ ಎಳೆದು ಮುಗಿಸಿ, ಪರೀಕ್ಷೆಯ ದಿನ ಭಾವಮೈದುನ ಹೋಲ್ಡರಿಗೆ ಒಂದು ಬಲ್ಬು ಸಿಕ್ಕಿಸಿ ಎರಡು ತಂತಿ ಬಿಟ್ಟುಕೊಂಡು ಬಂದ. ಒಂದು ತಂತಿ ಕರೆಂಟಿಗೆ, ಇನ್ನೊಂದು ಪೈಪಿಗೆ. ಪೈಪು ನೆಲದ ತನಕ ಸರಿಯಾಗಿ ಕೂಡಿದ್ದರೆ ಬಲ್ಬು ಉರಿಯಬೇಕು. ಮೇನ್ ಬೋರ್ಡಿನ ಹತ್ತಿರ ಪೈಪಿನ ಬಣ್ಣ ಒಂದಿಷ್ಟು ಕೆರೆದು ಮುಟ್ಟಿಸಿದ. ಝಗ್ ಎಂದು ಉರಿಯಿತು! ಒಂದು ಜಾಯಿಂಟು ದಾಟಿ ಅಲ್ಲೂ ಕೆರೆದು ಮುಟ್ಟಿಸಿದ. ಬಲ್ಬು ಸತ್ತಂತಿತ್ತು. ಮುಂದಿನ ಕೋಣೆಗೆ ಬಂದು ಮುಟ್ಟಿಸಿದ. ಅಲ್ಲೂ ಅಷ್ಟೇ.

ಭಾವಮೈದುನ ತಲೆ ಕೆರೆದುಕೊಂಡ. “ಇದೇನು ಆಶ್ಚರ್ಯ! ಅಕ್ಕ, ಇದು ಸರಿಯಾಗೋ ತನಕ ಮೆಷೀನಿಗೆ ಲೈನ್ ಕೊಡಲ್ಲ.”

“ತೋಳೇ ಇಲ್ಲದ ಅಂಗಿ ರಾಶಿ ಬಿದ್ದಿದೆ ಕಣೋ. ಮಕ್ಕಳು ಬನಿಯನ್ನಲ್ಲಿ ಶಾಲೆಗೆ ಹೋಗ್ಬೇಕಾ?” ಹೆಂಡತಿಯ ದನಿ ಸಣ್ಣದಾಯಿತು. ಅವಳು ಜಗಳವಾಡುವಾಗ ನಲ್ಲಿರಾಯನಿಗೆ ಹೆದರಿಕೆಯಿಲ್ಲ. ದನಿ ಸಣ್ಣದಾದರೆ ಮಾತ್ರ ಎದೆ ಧಸಕ್ಕೆನ್ನುತ್ತದೆ.

“ನಂಗೊತ್ತು!” ಅವನು ಹಾರೆ ಎತ್ತಿಕೊಂಡ. “ಎಲ್ಲಾ ಆ ಉಪ್ಪಿನ ಗುಂಡೀದೇ ಕಿತಾಪತಿ!”

“ಭಾವ, ಬೋರ್ಡಿನ ಹತ್ರ ಬಲ್ಬು ಉರೀತಲ್ಲ. ಗುಂಡಿ ಸರಿಯಾಗಿದೆ ಅಂತಲೇ ಅರ್ಥ...”

“ನೀನು ಹಾಗೆ ಹೇಳ್ದೆ ಅಂದ್ರೇನೇ ಅಲ್ಲಿ ಏನೋ ಇದೆ!”

ಹಿತ್ತಲಿಗೆ ನುಗ್ಗಿ ಗುಂಡಿಯ ಪಕ್ಕದಲ್ಲಿ ಹಾರೆ ಹಾಕಿದ. ಮಣ್ಣು ಹಾರಿತು, ಉಪ್ಪು ಹಾರಿತು, ಇದ್ದಿಲು ಹಾರಿತು. ಮೂರನ್ನೂ ಮೀರಿಸಿ, ಚಿಲ್ಲೆಂದು ಆಳೆತ್ತರಕ್ಕೆ ನೀರು ಹಾರಿತು! ಅದು ಯಾರ ಪೈಪು? ನಲ್ಲಿರಾಯ ತನ್ನ ಕೈಯಾರೆ ಹೂತು, “ನನ್ನ ಮೊಮ್ಮಕ್ಕಳ ಕಾಲಕ್ಕೂ ಇದು ಸೋರಲ್ಲ” ಎಂದು ಬೀದಿಗೆಲ್ಲ ಹೇಳಿಕೊಂಡು ಬಂದ ಪೈಪು! ಕಾರಂಜಿ ಬಾಗಿ ಬಾಗಿ ಹಿಂದಿನ ಜಗಲಿಯನ್ನೇ ಹುಡುಕಿಕೊಂಡು ಹೋಗಿ, ಸಾಲಾಗಿ ಜೋಡಿಸಿಟ್ಟಿದ್ದ ಬಿಳಿ ಕಾಲರುಗಳ ಮೇಲೆ ಇದ್ದಿಲ ನೀರು ಚಿಮುಕಿಸಿತು.

ಪಕ್ಕದ ಮನೆಯವರು ಕಾಂಪೌಂಡಿನ ಮೇಲೆ ಇಣುಕಿ ಹೊಸ ಹಲ್ಲುಗಳನ್ನೆಲ್ಲ ತೋರಿಸಿದರು. “ಪ್ಲಂಬರ್ ಬೇಕಿತ್ತಾ? ನನಗೊಬ್ಬ ಗೊತ್ತು!”

ಹೆಂಡತಿ ಕಾಲರುಗಳನ್ನು ಬಕೆಟ್ಟಿಗೆ ಹಾಕಿಕೊಂಡು ಒಗೆಯಲು ಕೂತಳು. ಆ ಬಕೆಟ್ಟಿನ ಕಡೆ ನೋಡಲಾರದೆ ನಲ್ಲಿರಾಯ ಪೈಪಿಗೆ ತೇಪೆ ಹಾಕಿ, ಉಳಿದಿದ್ದ ಒಂದು ರೆಡ್ಯೂಸರನ್ನು ಜೇಬಿಗಿಳಿಸಿ ಹಾರ್ಡ್‌ವೇರ್ ಅಂಗಡಿಗೆ ಧಾವಿಸಿದ. ಅಂಗಡಿಯವನೂ ಭಾವಮೈದುನನೂ ಒಂದೇ ಕಡೆ ಟೀ ಕುಡಿಯುತ್ತಾರೆಂಬುದು ಆಗಷ್ಟೇ ಅವನಿಗೆ ಹೊಳೆದಿತ್ತು!

“ಇದು ಕಬ್ಬಿಣವೇ ಅಲ್ಲ! ನನಗೇ ಟೋಪಿ ಹಾಕ್ತೀಯಾ?”

ಅಂಗಡಿಯವನು ಗಲ್ಲಾದಿಂದ ಒಂದು ಅಯಸ್ಕಾಂತ ತೆಗೆದು ಹತ್ತಿರ ಹಿಡಿದ. ಪಟ್! ರೆಡ್ಯೂಸರ್ ಹೋಗಿ ಅಂಟಿಕೊಂಡಿತು. “ಕಬ್ಬಿಣ ಅಲ್ಲದೆ ಕಡಲೆಕಾಯಾ?”

“ಆ ಅಯಸ್ಕಾಂತದ ಮೇಲೂ ನನಗೆ ಅನುಮಾನ ಇದೆ!”

“ಇರಲಿ ರಾಯರೇ. ಮೊನ್ನೆ ಟೇಪು ಒಂದು ಡಬ್ಬಾನೇ ಎತ್ಕೊಂಡು ಹೋದ್ರಲ್ಲ, ಯಾರ ಮನೆ ನಲ್ಲಿ ಕೆಲಸ?”

“ನಮ್ಮನೇದೇ!”

“ನಿಮ್ಮನೇಲಿ ನಡೀತಿರೋದು ವೈರಿಂಗ್ ಅಂದ್ರು?”

“ಅದು ನಿನಗ್ಯಾಕೆ?” ಎಂದು ಗುಡುಗಿ ನಲ್ಲಿರಾಯ ಹೊರಬಿದ್ದ. ಇವನಿಗ್ಯಾಕೆ ನಮ್ಮನೆ ಟೇಪಿನ ಚಿಂತೆ? ಗೂಢಚಾರ ಇವನು, ಸಂಶಯವೇ ಇಲ್ಲ!

ಮನೆಗೆ ಬಂದಾಗ ಭಾವಮೈದುನ ಮುಂದಿನ ಕೋಣೆಯ ಬಾಕ್ಸಿಗೆ ಟೆಸ್ಟರ್ ಹಿಡಿದು ಬೆವರುತ್ತಿದ್ದ. ಟೆಸ್ಟರಿನ ಪುಟ್ಟ ದೀಪ ಕೆಂಪಗೆ ಕಣ್ಣು ಬಿಟ್ಟಿತ್ತು.

“ಯಾರೂ ಮುಟ್ಟಬೇಡಿ! ಒಳಗೆಲ್ಲೋ ತಂತಿ ಸಿಪ್ಪೆ ಕೆರೆದು ಪೈಪಿಗೆ ತಾಗಿದೆ. ಬೋರ್ಡಲ್ಲಿ ಸ್ವಿಚ್ಚು ಬೀಳಬೇಕಿತ್ತು, ಬಿದ್ದಿಲ್ಲ. ತಡೀರಿ, ಮೇನ್ ಆಫ್ ಮಾಡ್ತೀನಿ.”

“ನಾಟಕ!” ಎಂದ ನಲ್ಲಿರಾಯ. “ನಾನು ಕೂರಿಸಿದ ಬಾಕ್ಸು ಇದು. ಇದರಲ್ಲಿ ಒಂದು ತೊಟ್ಟು ಸೋರಲ್ಲ. ನೋಡು!”

“ಭಾವ, ಬೇಡ!”

ನಲ್ಲಿರಾಯ ಬೆರಳ ಗೆಣ್ಣಿನಿಂದ ಬಾಕ್ಸಿಗೆ ಒಂದು ಟಕ್ ಕೊಟ್ಟ. ಬಾಕ್ಸು ತಿರುಗಿ ಅವನಿಗೇ ಕೊಟ್ಟಿತು! ಯಾರೋ ಅಗೋಚರ ಪೈಲ್ವಾನ ಭುಜ ಹಿಡಿದು ಕೊಡವಿ ಎಸೆದಂತೆ ಅವನು ಹಿಂದಕ್ಕೆ ಹಾರಿ, ಅಂಗಿ ತೋಳುಗಳ ರಾಶಿಯ ಮೇಲೆ ಸಿಂಹಾಸನದ ಮೇಲೆ ಕೂತಂತೆ ಕೂತ. ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿಯಿತ್ತು, ಬದುಕಿದ. ಮೀಸೆ ಮಾತ್ರ ನೆಟ್ಟಗೆ ನಿಂತಿತು.

ಭಾವಮೈದುನ ಓಡಿಹೋಗಿ ಮೇನ್ ಆಫ್ ಮಾಡಿದ. ಹೆಂಡತಿ ಓಡಿಬಂದು ಗಂಡನ ಎದೆ ಮುಟ್ಟಿ ನೋಡಿದಳು. “ರೀ! ಏನಾಯ್ತು? ಮಾತಾಡ್ರೀ!”

ಮಾತಾಡಿಸಬಾರದಿತ್ತು.

“ಕೊಲೆ! ಕೊಲೆ ಪ್ರಯತ್ನ! ಅಕ್ಕತಮ್ಮ ಸೇರಿ ಹೂಡಿದ ಸಂಚು! ನನಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಕಿಟಕಿಯಿಂದ ಕೇಳಿಸ್ಕೊಂಡಿದ್ದೀನಿ! ‘ಅವರಿಗೆ ಮಾತ್ರ ಗೊತ್ತಾಗಬಾರದು’ ಅಂದ್ಯಲ್ಲ, ಏನೇ ಅದು? ಹೇಳು ಈಗ!”

ಅಕ್ಕ ತಮ್ಮನ ಮುಖ ನೋಡಿದಳು, ತಮ್ಮ ಅಕ್ಕನ ಮುಖ ನೋಡಿದ.

“ಹೇಳಿಬಿಡಕ್ಕ.”

“ಪೈಪಿನ ಕೆಲಸಾನೂ ತಾನೇ ಮಾಡ್ತೀನಿ ಅಂತಿದ್ದ ಇವನು” ಎಂದಳು ಹೆಂಡತಿ. “‘ಬೇಡ ಕಣೋ, ಭಾವನಿಗೇ ಬಿಡು. ಪೈಪಿಗೆ ಬೇರೆಯೋರು ಕೈ ಹಾಕಿದ್ರೆ ನೊಂದ್ಕೋತಾರೆ. ನಾನು ಹೇಳ್ದೆ ಅಂತ ಅವರಿಗೆ ಮಾತ್ರ ಗೊತ್ತಾಗಬಾರದು’ ಅಂದೆ. ಅಷ್ಟೇ ರೀ.”

ನಲ್ಲಿರಾಯ ಶಾಕ್ ಹೊಡೆದ ಬೆರಳು ಉಜ್ಜಿಕೊಂಡ. ಕೈ ಇನ್ನೂ ಜುಮುಜುಮು ಎನ್ನುತ್ತಿತ್ತು. ಅವನ ಕಣ್ಣು ಆ ಬಾಕ್ಸಿನ ಕಡೆ ಹೋಯಿತು. ಬಾಕ್ಸಿನ ಕೆಳಗೇ ಹೊಲಿಗೆ ಯಂತ್ರದ ಕಬ್ಬಿಣದ ಕಾಲು. ಅದರ ಮುಂದೆ, ಕೂತು ಕೂತು ನಡುವೆ ಗುಳಿಬಿದ್ದ ಅವಳ ಸ್ಟೂಲು. ಲೈನ್ ಕೊಟ್ಟಿದ್ದರೆ ದಿನವಿಡೀ ಅಲ್ಲಿ ಕೂರುವವಳು ಅವಳು. ಅವಳಿಗೆ ಹೊಲಿಯುವಾಗ ಚಪ್ಪಲಿ ಕಳಚಿಡುವ ಅಭ್ಯಾಸ.

ಆಗ ಮೊದಲ ಸಲ ನಲ್ಲಿರಾಯನಿಗೆ ಬೈಯಲು ಯಾರೂ ಸಿಗಲಿಲ್ಲ.

ಹೊಲಿಗೆಯವರ ಕಣ್ಣು ಎಲ್ಲಿದ್ದರೂ ಬಿಟ್ಟ ದಾರವನ್ನೇ ಹುಡುಕುತ್ತದೆ. ಹೆಂಡತಿ ಬಾಕ್ಸಿನ ಹತ್ತಿರ ಬಗ್ಗಿದಳು. ರೆಡ್ಯೂಸರಿನ ಅಂಚಿನಲ್ಲಿ ಬಣ್ಣದ ಸಿಪ್ಪೆ ಎದ್ದು ಬಿಳಿಯ ಎಳೆಯೊಂದರ ತುದಿ ಇಣುಕುತ್ತಿತ್ತು. ಎರಡು ಬೆರಳಲ್ಲಿ ಹಿಡಿದು ಎಳೆದಳು. ಬಂತು. ಮತ್ತೆ ಎಳೆದಳು. ಮತ್ತೂ ಬಂತು. ಮೊಳದುದ್ದ ಬಂತು, ಮಾರುದ್ದ ಬಂತು!

“ಇದೇನ್ರೀ! ಪೈಪಿಗೂ ಕಚ್ಚಾ ಹೊಲಿಗೆ ಹಾಕಿದ್ದೀರಾ?”

ಭಾವಮೈದುನ ಆ ಎಳೆಯನ್ನು ಕೈಗೆ ತೆಗೆದುಕೊಂಡು ಹಿಂದೆ ಮುಂದೆ ನೋಡಿದ. “ಟೇಪು! ಭಾವ, ಜಾಯಿಂಟಿಗೆ ಟೇಪು ಸುತ್ತಿದ್ದೀರಾ?”

“ಸೋರದೇ ಇರಲಿ ಅಂತ...” ನಲ್ಲಿರಾಯನ ಸ್ವರ ವಾಷರು ಹೋದ ನಲ್ಲಿಯಂತೆ ತೊಟ್ಟಿಕ್ಕಿತು.

“ಅಯ್ಯೋ ಭಾವ! ಇದು ಸೋರಿಹೋಗ್ಲಿ ಅಂತಲೇ ಮಾಡಿರೋ ದಾರಿ! ಕಬ್ಬಿಣಕ್ಕೆ ಕಬ್ಬಿಣ ತಾಗಬೇಕು. ನೀವು ನಡುವೆ ಹಾಸಿಗೆ ಹಾಸಿದ್ದೀರಿ! ನೆಲಕ್ಕೆ ಹೋಗೋಕೆ ದಾರಿ ಇಲ್ಲದೆ ಕರೆಂಟು ಬಾಕ್ಸಲ್ಲೇ ಕೂತು ನಿಮಗೆ ಕಾಯ್ತಿತ್ತು. ಎಲ್ಲಾ ಜಾಯಿಂಟಿಗೂ ಸುತ್ತಿದ್ದೀರಾ?”

“ಅರ್ಧಂಬರ್ಧ ಕೆಲಸ ಮಾಡೋನಲ್ಲ ನಾನು” ಎಂದ ನಲ್ಲಿರಾಯ. ಆ ದುಃಖದಲ್ಲೂ ಅವನ ಎದೆ ಒಂದಿಷ್ಟು ಉಬ್ಬಿತು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ, ನಲ್ಲಿರಾಯನ ಮಾನದ ಪ್ರಶ್ನೆ. ತಾನೇ ಬಿಗಿದ ಜಾಯಿಂಟುಗಳನ್ನು ತಾನೇ ಬಿಚ್ಚಿದ. ಎಷ್ಟು ಬಿಗಿದಿದ್ದನೆಂದರೆ, ಬಿಚ್ಚುವಾಗ ತನ್ನನ್ನೇ ಬೈದುಕೊಂಡ. ಟೇಪು ಕಿತ್ತು, ಪೇಸ್ಟು ಕೆರೆದು, ಕಬ್ಬಿಣ ಮಿರುಗುವ ತನಕ ಬ್ರಷ್ಷಿನಲ್ಲಿ ಉಜ್ಜಿ, ಏನೂ ಹಚ್ಚದೆ ಬಿಗಿದ. ಅದರ ಮೇಲೆ ಭಾವಮೈದುನ ಪ್ರತಿ ಜಾಯಿಂಟಿನ ಈ ಕಡೆಯಿಂದ ಆ ಕಡೆಗೆ ತಾಮ್ರದ ತಂತಿಯ ಸೇತುವೆ ಕಟ್ಟಿ ಕ್ಲಾಂಪು ಹಾಕಿದ. ಮೇನ್ ಹಾಕಿದ್ದೇ ತಡ, ಬೋರ್ಡಿನಲ್ಲಿ ಸ್ವಿಚ್ಚು ಟಪ್ ಎಂದು ಬಿತ್ತು. ಕೆರೆದ ತಂತಿ ಒಂದು ತಿರುವಿನಲ್ಲಿ ಸಿಕ್ಕಿತು, ಅದನ್ನು ಬದಲಾಯಿಸಿದರು. ಮತ್ತೆ ಬಲ್ಬು ಹಿಡಿದರೆ ಮುಂದಿನ ಕೋಣೆಯಲ್ಲೂ ಝಗ್ ಎಂದಿತು! ನಲ್ಲಿರಾಯ ಹೆಂಡತಿಯ ಸ್ಟೂಲಿನ ಮೇಲೆ ತಾನೇ ಮೊದಲು ಕೂತು, ಯಂತ್ರದ ಕಾಲನ್ನೂ ಬಾಕ್ಸನ್ನೂ ಟೆಸ್ಟರಿನಿಂದ ಮುಟ್ಟಿ ಮುಟ್ಟಿ ನೋಡಿ, ಆಮೇಲೆ ಅವಳಿಗೆ ಜಾಗ ಬಿಟ್ಟ.

ಯಂತ್ರ ಗಿರ್ರನೆ ಓಡತೊಡಗಿತು. ತೋಳುಗಳು ಅಂಗಿಗೆ ಸೇರಿದವು, ಒಗೆದು ಒಣಗಿಸಿದ ಕಾಲರುಗಳು ಕೊರಳಿಗೆ ಸೇರಿದವು. ಉಳಿದದ್ದು ಅಂಗಿಗೆ ಗುಂಡಿ ಹೊಲಿಯುವ ಕೆಲಸ.

ನಲ್ಲಿರಾಯ ಚೀಲ ಹೆಗಲಿಗೇರಿಸಿ ಮೆಲ್ಲಗೆ ಬಾಗಿಲ ಕಡೆ ಸರಿಯುತ್ತಿದ್ದ.

“ರೀ” ಎಂದಳು ಹೆಂಡತಿ, ಯಂತ್ರದಿಂದ ತಲೆ ಎತ್ತದೆ. “ನಾನು ಬರೆದಿಟ್ಕೊಂಡಿಲ್ಲ. ಆದ್ರೆ ನೆನಪಿದೆ.”

ನಲ್ಲಿರಾಯ ಚೀಲ ಇಳಿಸಿದ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಂಗಿಯೊಂದನ್ನು ತೊಡೆಯ ಮೇಲೆ ಎಳೆದುಕೊಂಡ. ಸೂಜಿಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಈ ಸೂಜಿಗೆ ಕಣ್ಣೇ ಇಲ್ಲ. ಬೇಕಂತಲೇ ಕೊಟ್ಟಿದ್ದೀಯ!”

“ತಲೆಕೆಳಗಾಗಿ ಹಿಡಿದಿದ್ದೀರಿ ಭಾವ” ಎಂದ ಭಾವಮೈದುನ ಬಾಗಿಲಲ್ಲಿ ನಿಂತು.

ಹೆಂಡತಿ ಯಂತ್ರ ನಿಲ್ಲಿಸಿ, ಸೂಜಿ ತಿರುಗಿಸಿ ದಾರ ಪೋಣಿಸಿಕೊಟ್ಟು ಹೇಳಿದಳು:

“ಹೊಲಿದಾದ ಮೇಲೆ ಗುಂಡಿ ಕೆಳಗೆ ದಾರ ಸುತ್ತಬೇಕು. ಸುತ್ತೋದು ನಿಮಗೇನು ಹೇಳಿಕೊಡಬೇಕಾಗಿಲ್ಲವಲ್ಲ. ಇಲ್ಲಿ ಎಷ್ಟು ಬೇಕಾದ್ರೂ ಸುತ್ತಿ ರೀ, ಯಾರಿಗೂ ಶಾಕ್ ಹೊಡೆಯಲ್ಲ!”